ಸ್ವಾಮಿ ಅಂಡ್ ಫ್ರೆಂಡ್ಸ್: ಕ್ರಿಕೆಟ್ ಹುಚ್ಚಿನ ಹುಡುಗ, ಕಷ್ಟದ ಕಾಲ ಮತ್ತು ಚಾಮರಾಜನಗರ ಸೀಮೆ

‘ಸ್ವಾಮಿ ಅಂಡ್ ಫ್ರೆಂಡ್ಸ್’ ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ. 1935ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಇದನ್ನು ಪ್ರಕಟಿಸಿತು. ಮಾಲ್ಗುಡಿ ಎಂಬ ಕಲ್ಪಿತ ಊರು, ಅಲ್ಲಿ ಶಾಲೆಗೆ ಹೋಗುವ ಸ್ವಾಮಿನಾಥನ್ ಎಂಬ ಹುಡುಗ, ಅವನು ಗೆಳೆಯರೊಡನೆ ಕಟ್ಟುವ ಕ್ರಿಕೆಟ್ ತಂಡ, ಇಷ್ಟರ ಸುತ್ತ ಕಥೆ ನಡೆಯುತ್ತದೆ. ಕಥೆಯ ಕಾಲ 1930. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ವರ್ಷ ಅದು. ಜಗತ್ತಿನ ಮಾರುಕಟ್ಟೆ ಕುಸಿದು ರೈತನ ಬೆಳೆಗೆ ಬೆಲೆ ಬಿದ್ದ ವರ್ಷವೂ ಹೌದು.

ನಾರಾಯಣ್ ಇದನ್ನು ಐತಿಹಾಸಿಕ ಕಾದಂಬರಿ ಎಂದು ಬರೆದವರಲ್ಲ. ಕಣ್ಣೆದುರು ನಡೆಯುತ್ತಿದ್ದುದನ್ನೇ ಬರೆದರು. ತೊಂಬತ್ತು ವರ್ಷ ಸಂದಿರುವ ಇಂದು ಅದನ್ನು ಓದುವ ಮಗುವಿಗೆ ಮಾತ್ರ ಅದು ಚರಿತ್ರೆಯ ಪುಸ್ತಕ. ಸಂಕಟದ ಕಾಲ ಒಂದು ಮಗುವಿನ ಬಾಳಿನೊಳಗೆ ಎಲ್ಲಿಂದ ಬರುತ್ತದೆ ಎಂಬುದನ್ನು ತೋರಿಸುವುದರಲ್ಲಿ ಈ ಪುಟ್ಟ ಕಾದಂಬರಿಗೆ ಸಾಟಿಯಾಗುವ ಕೃತಿಗಳು ಕಡಿಮೆ. ಮೈಸೂರು ಸೀಮೆಯ ಕನ್ನಡ ಓದುಗರಿಗೆ, ಅದರಲ್ಲೂ ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳವರಿಗೆ, ಈ ಕೃತಿ ನೆರೆಮನೆಯ ಕಥೆಯೂ ಹೌದು.

ಹುಟ್ಟಿದ ಬಗೆ

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು ಮದ್ರಾಸಿನಲ್ಲಿ. ಬಾಲ್ಯ ಕಳೆದದ್ದು ಅಲ್ಲಿನ ಪುರಸವಾಕ್ಕಂನ ಅಜ್ಜಿಯ ಮನೆಯಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಶಾಲಾ ಮುಖ್ಯೋಪಾಧ್ಯಾಯರು. ಅವರಿಗೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ವರ್ಗವಾದ ಮೇಲೆ ಹುಡುಗನೂ ಇಲ್ಲಿಗೆ ಬಂದ. ಮುಂದೆ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿದ. ಚನ್ನಪಟ್ಟಣದಲ್ಲಿ ಸಿಕ್ಕ ಮೇಷ್ಟರ ಕೆಲಸ ಕೆಲವೇ ದಿನಗಳಲ್ಲಿ ಬೇಡವಾಯಿತು. ಪದವೀಧರರಿಗೂ ನೌಕರಿ ದುರ್ಲಭವಾಗಿದ್ದ ಆ ದಿನಗಳಲ್ಲಿ ಬರೆದೇ ಬದುಕುತ್ತೇನೆ ಎಂದು ನಿಶ್ಚಯಿಸುವುದಕ್ಕೆ ಎದೆಗಾರಿಕೆ ಬೇಕಿತ್ತು.

1930ರ ವಿಜಯದಶಮಿಯ ದಿನ, ಅಜ್ಜಿ ನೋಡಿಕೊಟ್ಟ ಶುಭ ಮುಹೂರ್ತದಲ್ಲಿ, ಬೆಂಗಳೂರಿನಲ್ಲಿ ನಾರಾಯಣ್ ಹೊಸ ನೋಟುಪುಸ್ತಕ ತೆರೆದರು. ಮೊದಲು ಮನಸ್ಸಿಗೆ ಬಂದದ್ದು ಒಂದು ರೈಲು ನಿಲ್ದಾಣ. ಅದರ ಹೆಸರು ಮಾಲ್ಗುಡಿ. ಬರವಣಿಗೆ ಮೈಸೂರಿನಲ್ಲಿ ಮುಂದುವರಿಯಿತು. ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಬೇಸತ್ತ ನಾರಾಯಣ್, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಪೂರ್ಣ ಹಾಗೆ ಮಾಡಲಿಲ್ಲ. ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಅದನ್ನು ತಲುಪಿಸಿದರು. ಗ್ರೀನ್ ಓದಿ ಮೆಚ್ಚಿ ಪ್ರಕಾಶಕರನ್ನು ಹುಡುಕಿಕೊಟ್ಟರು. ‘ಸ್ವಾಮಿ, ದಿ ಟೇಟ್’ ಎಂದಿದ್ದ ಹೆಸರನ್ನು ಬದಲಾಯಿಸಲು ಹೇಳಿದ್ದೂ ಅವರೇ.

ಬಿಟ್ಟುಹೋದ ಆ ಹೆಸರಿನಲ್ಲೇ ಕ್ರಿಕೆಟ್ ಇತ್ತು. ಮಾರಿಸ್ ಟೇಟ್ ಆ ಕಾಲದ ಇಂಗ್ಲೆಂಡಿನ ಹೆಸರಾಂತ ವೇಗದ ಬೌಲರ್. ಸ್ವಾಮಿಯ ಬೌಲಿಂಗ್ ನೋಡಿ ಗೆಳೆಯರು ಅವನಿಗೆ ಕೊಡುವ ಅಡ್ಡಹೆಸರು ‘ಟೇಟ್’.

ಕಥೆಯೊಳಗೆ

ಸ್ವಾಮಿ ಆಲ್ಬರ್ಟ್ ಮಿಷನ್ ಶಾಲೆಯ ಹುಡುಗ. ಲೆಕ್ಕ ಎಂದರೆ ಅವನಿಗೆ ಆಗದು. ಅಪ್ಪ ಮಾವಿನ ಹಣ್ಣಿನ ಲೆಕ್ಕ ಕೊಟ್ಟರೆ, ಹಣ್ಣು ಮಾಗಿದ್ದವೋ ಇಲ್ಲವೋ ಎಂಬುದು ಗೊತ್ತಾಗದೆ ಅವನಿಗೆ ಬೆಲೆ ಕಟ್ಟಲಾಗುವುದಿಲ್ಲ. ಮಣಿ, ಸೋಮು, ಶಂಕರ್, ‘ಬಟಾಣಿ’ ಎಂದೇ ಕರೆಸಿಕೊಳ್ಳುವ ಸ್ಯಾಮ್ಯುಯೆಲ್ ಅವನ ಜೊತೆಗಾರರು. ಈ ಗುಂಪಿಗೆ ಪೊಲೀಸ್ ಡೆಪ್ಯುಟಿ ಸೂಪರಿಂಟೆಂಡೆಂಟರ ಮಗ ರಾಜಂ ಬಂದು ಸೇರುತ್ತಾನೆ.

1930ರ ಆಗಸ್ಟ್ 15ರಂದು ಸರಯೂ ನದಿಯ ದಡದಲ್ಲಿ ಸಭೆ ಸೇರುತ್ತದೆ. ಹದಿನೇಳು ವರ್ಷಗಳ ನಂತರ ಅದೇ ದಿನಾಂಕಕ್ಕೆ ಸ್ವಾತಂತ್ರ್ಯ ಬರಲಿದೆಯೆಂದು ಬರೆಯುವಾಗ ಲೇಖಕರಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ಭಾಷಣ ಕೇಳಿ ಆವೇಶಗೊಂಡ ಸ್ವಾಮಿ, ತನ್ನ ಟೋಪಿಯನ್ನು ವಿದೇಶಿ ಬಟ್ಟೆಯದೆಂದು ಉರಿಯುವ ರಾಶಿಗೆ ಎಸೆಯುತ್ತಾನೆ. ಮರುದಿನ ಹರತಾಳ. ಶಾಲೆಯ ಕಿಟಕಿಯ ಗಾಜುಗಳು ಒಡೆಯುತ್ತವೆ, ಆಮೇಲೆ ಲಾಠಿ ಪ್ರಹಾರ. ಲಾಠಿ ಬೀಸಲು ಆಜ್ಞೆ ಕೊಡುವ ಅಧಿಕಾರಿ ರಾಜಂನ ತಂದೆ. ಮಗುವಿಗೆ ರಾಜಕೀಯ ಅರ್ಥವಾಗುವುದು ಅಲ್ಲಿ: ಪ್ರಾಣಸ್ನೇಹಿತನ ಅಪ್ಪನೇ ಜನರನ್ನು ಹೊಡೆಸುತ್ತಿದ್ದಾನೆ. ಈ ಬಿಕ್ಕಟ್ಟನ್ನು ನಾರಾಯಣ್ ಬಿಡಿಸುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಹುಡುಗ ಅದನ್ನು ಹೊತ್ತುಕೊಂಡೇ ಮುಂದೆ ಹೋಗುತ್ತಾನೆ.

ಗಾಜು ಒಡೆದ ತಪ್ಪಿಗೆ ಮುಖ್ಯೋಪಾಧ್ಯಾಯರಿಂದ ಬೆತ್ತದ ಏಟು ತಿಂದ ಸ್ವಾಮಿ ಶಾಲೆ ಬಿಟ್ಟು ಓಡುತ್ತಾನೆ. ಬೋರ್ಡ್ ಹೈಸ್ಕೂಲಿಗೆ ಸೇರುತ್ತಾನೆ. ಇದೇ ಹೊತ್ತಿಗೆ ಹುಡುಗರು ಎಂ.ಸಿ.ಸಿ. ಕಟ್ಟುತ್ತಾರೆ, ಲಂಡನ್ನಿನ ಮೇರಿಲೆಬೋನ್ ಕ್ಲಬ್ಬಿನ ಅಕ್ಷರಗಳೇ ಇಲ್ಲಿ ಮಾಲ್ಗುಡಿ ಕ್ರಿಕೆಟ್ ಕ್ಲಬ್ಬಿಗೆ. ತಂಡ ಕಟ್ಟಿದರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕೇನೋ ಎಂಬ ಭಯ ಒಂದು ಕಡೆ. ಬ್ಯಾಟು, ಚೆಂಡು, ವಿಕೆಟ್ ಕಳಿಸಿಕೊಡಿ ಎಂದು ಮದ್ರಾಸಿನ ಮೌಂಟ್ ರಸ್ತೆಯ ಬಿನ್ಸ್ ಅಂಗಡಿಗೆ ಕಾಗದ ಬರೆಯುವ ಸಂಭ್ರಮ ಇನ್ನೊಂದು ಕಡೆ. ಅಂಗಡಿಯವರು ಮುಂಗಡ ಹಣ ಕೇಳುತ್ತಾರೆ, ಹುಡುಗರ ಕೈಯಲ್ಲಿ ಕಾಸಿಲ್ಲ. ಸಾಮಾನಿಗಾಗಿ ಪಡುವ ಈ ಪಾಡು ಸಣ್ಣ ಊರಿನಲ್ಲಿ ಚೆಂಡಾಡಿ ಬೆಳೆದ ಯಾರಿಗೂ ಹೊಸದಲ್ಲ.

ವೈ.ಎಂ.ಯು. ತಂಡದ ಮೇಲೆ ಪಂದ್ಯ ಗೊತ್ತಾಗಿರುತ್ತದೆ. ಡ್ರಿಲ್, ಸ್ಕೌಟ್ ತರಗತಿಗಳು ಅಭ್ಯಾಸಕ್ಕೆ ಅಡ್ಡ ಬರುತ್ತವೆ. ಮತ್ತೊಮ್ಮೆ ಶಾಲೆಯಲ್ಲಿ ಜಗಳ, ಮತ್ತೊಮ್ಮೆ ಓಟ. ಈ ಸಲ ಸ್ವಾಮಿ ಮೆಂಪಿ ಕಾಡಿನ ರಸ್ತೆಯಲ್ಲಿ ದಾರಿ ತಪ್ಪುತ್ತಾನೆ. ಕತ್ತಲಲ್ಲಿ ಕಾಣದ ಮೃಗಗಳೆಲ್ಲ ಅವನನ್ನು ಅಟ್ಟಿಸಿಕೊಂಡು ಬರುತ್ತವೆ. ಬೆಳಗ್ಗೆ ಪ್ರಜ್ಞೆ ತಪ್ಪಿ ಬಿದ್ದವನನ್ನು ಗಾಡಿಯವನೊಬ್ಬ ಎತ್ತಿಕೊಂಡು ಹೋಗಿ ಅರಣ್ಯಾಧಿಕಾರಿಯ ಬಳಿ ಸೇರಿಸುತ್ತಾನೆ. ಮನೆ ಸೇರುವಷ್ಟರಲ್ಲಿ ಪಂದ್ಯ ಮುಗಿದು ಎಂ.ಸಿ.ಸಿ. ಸೋತಿರುತ್ತದೆ. ರಾಜಂನ ತಂದೆಗೆ ವರ್ಗವಾಗುತ್ತದೆ. ಬೀಳ್ಕೊಡಲು ಸ್ವಾಮಿ ರೈಲು ನಿಲ್ದಾಣಕ್ಕೆ ಹೋಗುವಾಗ ಅವನ ಕೈಯಲ್ಲಿರುವುದು ಆಂಡರ್ಸನ್ ಕಥೆಗಳ ಪುಸ್ತಕ.

ಆ ವರ್ಷಗಳ ಕ್ರಿಕೆಟ್

ಕಾದಂಬರಿಯಲ್ಲಿ ಚಳವಳಿ ಮತ್ತು ಕ್ರಿಕೆಟ್ ಒಂದರ ಪಕ್ಕ ಒಂದು ನಡೆಯುತ್ತವೆ. ನಿಜ ಬದುಕಿನಲ್ಲಿ ಅವು ಡಿಕ್ಕಿ ಹೊಡೆದವು. ಕಾನೂನುಭಂಗ ಚಳವಳಿಯ ಕಾವಿನಲ್ಲಿ 1930–31ಕ್ಕೆ ಗೊತ್ತಾಗಿದ್ದ ಇಂಗ್ಲೆಂಡ್ ತಂಡದ ಭಾರತ ಪ್ರವಾಸ ರದ್ದಾಯಿತು. ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ತಂಡಗಳ ನಡುವಿನ ಬೊಂಬಾಯಿಯ ಚತುಷ್ಕೋಣ ಪಂದ್ಯಾವಳಿ 1930ರಿಂದ ಕೆಲವು ವರ್ಷ ನಿಂತೇಹೋಯಿತು. 1932ರ ಜೂನ್ 25ರಂದು ಸಿ.ಕೆ. ನಾಯ್ಡು ನಾಯಕತ್ವದಲ್ಲಿ ಭಾರತ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟ್ ಆಡಲು ಇಳಿದಾಗ, ದೇಶದಲ್ಲಿ ಸಾವಿರಾರು ಸತ್ಯಾಗ್ರಹಿಗಳು ಜೈಲಿನಲ್ಲಿದ್ದರು.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ 1933ರಲ್ಲಿ ಸ್ಥಾಪನೆಯಾಯಿತು. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ಮದ್ರಾಸ್ ಮತ್ತು ಮೈಸೂರು. ಮೈಸೂರು 48 ಮತ್ತು 59 ರನ್ನುಗಳಿಗೆ ಆಲೌಟಾಯಿತು. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ತೆಗೆದರು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಸ್ವಾಮಿಯ ಕಥೆ ಅಚ್ಚಾಗುವುದಕ್ಕೆ ಹನ್ನೊಂದು ತಿಂಗಳ ಮುಂಚಿನ ಮಾತಿದು. ಸೋತ ಎಂ.ಸಿ.ಸಿ. ಹುಡುಗರ ಮುಖದಲ್ಲಿ ಮೈಸೂರಿನ ಓದುಗರಿಗೆ ತಮ್ಮ ತಂಡದ ಮುಖ ಕಂಡಿದ್ದರೆ ಅದು ಸಹಜ.

ಸಂಸ್ಥಾನದ ತೆಂಕಣ ಅಂಚು

ಮಾಲ್ಗುಡಿ ಬ್ರಿಟಿಷ್ ಆಳ್ವಿಕೆಯ ಊರು. ಚಾಮರಾಜನಗರ, ಗುಂಡ್ಲುಪೇಟೆ ಮೈಸೂರು ಮಹಾರಾಜರ ಸೀಮೆ. ಅರಿಕುಠಾರ ಎಂದಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆ ಹುಟ್ಟಿದ ಸ್ಥಳವೆಂದು, 1818ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟರು. 1926ರಲ್ಲಿ ನಂಜನಗೂಡಿನಿಂದ ಅಲ್ಲಿಗೆ ರೈಲು ಬಂತು. ಹಳಿ ಇಂದಿಗೂ ಅಲ್ಲಿಗೇ ಕೊನೆ. ಗುಂಡ್ಲುಪೇಟೆಗೆ ಈಗಲೂ ರೈಲಿಲ್ಲ.

ಇದು ಗಡಿಯ ನೆಲ. 1956ಕ್ಕೆ ಮುಂಚೆ ಪಕ್ಕದ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ನೀಲಗಿರಿ, ಇನ್ನೊಂದು ದಾರಿ ಹಿಡಿದರೆ ಮಲಬಾರಿನ ವಯನಾಡು. ಒಂದೇ ಭಾಷೆ ಆಡುವ, ಒಂದೇ ಮಾದೇಶ್ವರನಿಗೆ ಹರಕೆ ಹೊರುವ ಎರಡು ಹಳ್ಳಿಗಳಲ್ಲಿ ಒಂದು ಬ್ರಿಟಿಷರದು, ಒಂದು ಮಹಾರಾಜರದು. 1930ರಲ್ಲಿ ಪ್ರಾಂತ್ಯಗಳಲ್ಲಿ ಲಾಠಿ ಬೀಸುತ್ತಿದ್ದಾಗ ಸಂಸ್ಥಾನದೊಳಗೆ ಅಂಥ ನೇರ ಹೋರಾಟ ಇನ್ನೂ ಶುರುವಾಗಿರಲಿಲ್ಲ. ಇಲ್ಲಿ ಗಾಂಧಿಯ ಹೆಸರು ಮೊದಲು ಬಂದದ್ದು ಚರಕದ ಜೊತೆ. ತಗಡೂರು ರಾಮಚಂದ್ರರಾಯರು ಊರೂರು ಸುತ್ತಿ ಖಾದಿಯ ಕೆಲಸ ಕಟ್ಟಿದರು. ನಂಜನಗೂಡಿಗೂ ಚಾಮರಾಜನಗರಕ್ಕೂ ನಡುವೆ, ಅದೇ ರೈಲು ಹಾದಿಯ ಬದನವಾಳಿನ ನೂಲುವ ಕೇಂದ್ರ ದೇಶದ ಗಮನ ಸೆಳೆಯಿತು. ಸ್ವಾಮಿ ಟೋಪಿ ಸುಟ್ಟ ಕಾಲದಲ್ಲಿ ಈ ಸೀಮೆಯ ಹೆಂಗಸರು ನೂಲು ತೆಗೆದು ಕೂಲಿ ಪಡೆಯುತ್ತಿದ್ದರು.

ಹೊಟ್ಟೆಯ ಕಷ್ಟ ಬೇರೆ ದಾರಿಯಿಂದ ಬಂತು. ಹಿಪ್ಪುನೇರಳೆ ಬೆಳೆದು ಹುಳು ಸಾಕಿ ಬದುಕುತ್ತಿದ್ದ ಮನೆಗಳಿಗೆ, ಚೀನಾ ಮತ್ತು ಜಪಾನಿನ ಅಗ್ಗದ ರೇಷ್ಮೆ, ಆಮೇಲೆ ಬಂದ ಕೃತಕ ರೇಷ್ಮೆ ಹೊಡೆತ ಕೊಟ್ಟವು. ಗೂಡಿನ ಬೆಲೆ ಬಿತ್ತು, ಎಷ್ಟೋ ಕಡೆ ರೈತರು ಹಿಪ್ಪುನೇರಳೆ ತೋಟವನ್ನೇ ಕಿತ್ತರು. ಗೂಡಿಗೆ ಬೆಲೆ ಬಿದ್ದ ವರ್ಷ ಮಗುವಿನ ಶಾಲೆಯ ಫೀಸಿಗೂ ಹೊಸ ಅಂಗಿಗೂ ದುಡ್ಡು ಹುಟ್ಟುತ್ತಿರಲಿಲ್ಲ.

ನಿಜದ ಹುಡುಗರು

ಸ್ವಾಮಿ ಕಲ್ಪನೆಯ ಹುಡುಗ. ಆದರೆ ಕನ್ನಡ ನಾಡಿನ ಚರಿತ್ರೆಯಲ್ಲಿ ಅವನ ನಿಜದ ಅಣ್ಣತಮ್ಮಂದಿರು ಹಲವರಿದ್ದಾರೆ.

ಪಾಲ್ವಂಕರ್ ಬಾಲೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ ಬಾಲಕ. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನ ಪಿಚ್ ಗುಡಿಸಿ, ಹದ ಮಾಡುವ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. ಮುಂದೆ ಬ್ರಿಟಿಷ್ ಅಧಿಕಾರಿಗಳಿಗೆ ನೆಟ್‌ನಲ್ಲಿ ಬೌಲ್ ಮಾಡುತ್ತ ಎಡಗೈ ಸ್ಪಿನ್ ಕಲಿತರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಆದರೆ ಚಹದ ಹೊತ್ತಿಗೆ ಅವರು ಹೊರಗೆ ನಿಂತು ಮಣ್ಣಿನ ಲೋಟದಲ್ಲಿ ಕುಡಿಯಬೇಕಿತ್ತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ಪಡೆದ ಮೇಲೂ ಅವರಿಗೆ ನಾಯಕತ್ವ ಸಿಗಲಿಲ್ಲ. 1923ರಲ್ಲಿ ತಮ್ಮ ವಿಠಲ್ ಹಿಂದೂ ತಂಡದ ನಾಯಕರಾದರು.

ಇನ್ನೊಬ್ಬ ಹುಡುಗ ನಾರಾಯಣ್ ಮನೆಯಲ್ಲೇ ಇದ್ದ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಕಿರಿಯ ತಮ್ಮ ಆರ್.ಕೆ. ಲಕ್ಷ್ಮಣ್, ಓಣಿಯ ಕ್ರಿಕೆಟ್ ತಂಡದ ನಾಯಕ. ಅವನ ತಂಡದ ಸಾಹಸಗಳೇ ‘ದಿ ರೀಗಲ್ ಕ್ರಿಕೆಟ್ ಕ್ಲಬ್’ ಎಂಬ ನಾರಾಯಣ್ ಕಥೆಗೆ ಸಾಮಗ್ರಿಯಾದವು. ದೊಡ್ಡವನಾದ ಮೇಲೆ ಮಾಲ್ಗುಡಿಗೆ ಚಿತ್ರ ಬರೆದದ್ದೂ ಅದೇ ತಮ್ಮ.

ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಬಾಲ್ಯದಲ್ಲೇ ಪೋಲಿಯೊಗೆ ತುತ್ತಾದರು, ಬಲಗೈ ಸೊರಗಿತು. ಅದೇ ಕೈಯಿಂದ ಲೆಗ್ ಸ್ಪಿನ್ ಹಾಕಿ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಉರುಳಿಸಿದರು. ಇಂಗ್ಲೆಂಡಿನಲ್ಲಿ ಭಾರತ ಟೆಸ್ಟ್ ಗೆದ್ದದ್ದು ಅದೇ ಮೊದಲು.

ಚಳವಳಿಯ ಕಡೆಯಲ್ಲೂ ಹುಡುಗರಿದ್ದರು. 1942ರಲ್ಲಿ ಮಹಾರಾಜಾ ಕಾಲೇಜಿನ ವಿದ್ಯಾರ್ಥಿ ಎಚ್.ವೈ. ಶಾರದಾಪ್ರಸಾದ್ ಜೈಲು ಸೇರಿದರು; ಅಲ್ಲಿ ಬರೆದ ದಿನಚರಿ ದಶಕಗಳ ನಂತರ ಪುಸ್ತಕವಾಯಿತು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅನ್ನು ಕನ್ನಡಕ್ಕೆ ತಂದವರೂ ಅವರೇ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದಾಗ, ರಾಮಸ್ವಾಮಿ ಎಂಬ ವಿದ್ಯಾರ್ಥಿ ಮೈಸೂರಿನಲ್ಲಿ ಗುಂಡೇಟಿಗೆ ಬಲಿಯಾದ. ಚಾಮರಾಜನಗರ, ಗುಂಡ್ಲುಪೇಟೆಯಿಂದ ಮೈಸೂರಿಗೆ ಬರುವವರು ಇಂದು ದಾಟುವ ರಾಮಸ್ವಾಮಿ ವೃತ್ತ ಅವನ ಹೆಸರಿನದು.

ತೆರೆಯ ಮೇಲೆ

ಕರ್ನಾಟಕದ ಮನೆಮನೆಗೆ ಸ್ವಾಮಿ ಬಂದದ್ದು ದೂರದರ್ಶನದ ಮೂಲಕ. ಶಂಕರ್‌ನಾಗ್ ನಿರ್ದೇಶಿಸಿ, ಟಿ.ಎಸ್. ನರಸಿಂಹನ್ ನಿರ್ಮಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದ ನಡುವಿನಲ್ಲಿ ಆಗುಂಬೆಯಲ್ಲಿ ಚಿತ್ರಿತವಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರು, ಗಿರೀಶ ಕಾರ್ನಾಡ್ ತಂದೆಯಾದರು, ವೈಶಾಲಿ ಕಾಸರವಳ್ಳಿ ತಾಯಿಯಾದರು. ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ರಾಗವನ್ನು ಆ ತಲೆಮಾರಿನವರು ಈಗಲೂ ಗುನುಗುತ್ತಾರೆ. ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡಿತು. ಅದರ ಹಳೆಯ ಕಟ್ಟಡ ಇಂದು ಮಾಲ್ಗುಡಿ ವಸ್ತುಸಂಗ್ರಹಾಲಯ. ಮೈಸೂರಿನ ಯಾದವಗಿರಿಯ ನಾರಾಯಣ್ ಮನೆಯೂ 2016ರಿಂದ ಸಾರ್ವಜನಿಕರಿಗೆ ತೆರೆದಿದೆ.

ಧಾರಾವಾಹಿ ಮಲೆನಾಡಿನ ಹಸಿರಿನಲ್ಲಿ ಮಾಲ್ಗುಡಿಯನ್ನು ಕಂಡಿತು. ಆದರೆ ಸ್ವಾಮಿ ದಾರಿ ತಪ್ಪಿದ ಮೆಂಪಿ ಕಾಡನ್ನು ಗುಂಡ್ಲುಪೇಟೆಯ ಮಗು ಬೇರೆ ರೀತಿ ಓದುತ್ತದೆ. ಮಹಾರಾಜರು 1931ರಲ್ಲಿ 90 ಚದರ ಕಿ.ಮೀ. ಅಭಯಾರಣ್ಯವಾಗಿ ಗುರುತಿಸಿದ ಬಂಡೀಪುರ, 1973ರಲ್ಲಿ ಹುಲಿ ಯೋಜನೆಗೆ ಸೇರಿತು. 2009ರಿಂದ ಅಲ್ಲಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಕತ್ತಲಾದ ಮೇಲೆ ಆ ರಸ್ತೆ ಆನೆಗಳದು ಎಂಬುದು ಅಲ್ಲಿನ ಮಕ್ಕಳಿಗೆ ಕಥೆ ಓದುವ ಮೊದಲೇ ಗೊತ್ತು.

ಈ ಸೀಮೆಯ ಕಷ್ಟಕಾಲಗಳು

ಸ್ವಾಮಿಯಂಥ ಮಗುವಿನ ಕಣ್ಣಿಂದ ಹೇಳಬಹುದಾದ ಕಾಲಗಳು ಇಲ್ಲಿ ಹಲವಿವೆ. 1876–78ರ ಬರಗಾಲ ಅದರಲ್ಲಿ ಮೊದಲನೆಯದು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗ್ ಬಂತು. ಇಲಿ ಬಿದ್ದರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುವುದು ಮುಂದಿನ ದಶಕಗಳಲ್ಲಿ ಎಷ್ಟೋ ಕುಟುಂಬಗಳ ಪಾಡಾಯಿತು.

ಹಸಿವಿನ ಚರಿತ್ರೆಯನ್ನು ಈ ನೆಲದ ಮಾತಿನಲ್ಲೇ ಬರೆದವರು ದೇವನೂರ ಮಹಾದೇವ. ಅವರ ‘ಒಡಲಾಳ’ದಲ್ಲಿ ಒಂದು ಮನೆಯವರೆಲ್ಲ ರಾತ್ರಿ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ, ಆಮೇಲೆ ಪೊಲೀಸರು ಬರುತ್ತಾರೆ. ಆ ಮನೆಯ ಮಕ್ಕಳ ಸಂತೋಷ ಮತ್ತು ಭಯ ಎರಡೂ ಅಲ್ಲಿವೆ. ಮಕ್ಕಳಿಗೆಂದು ಬರೆದ ಕೃತಿ ಅದಲ್ಲ. ಆದರೂ ಈ ಭಾಗದ ಬಾಲ್ಯವನ್ನು ಬರೆಯಹೊರಟ ಯಾರೂ ಅದನ್ನು ಓದದೆ ಮುಂದೆ ಹೋಗಲಾಗದು.

ನಂತರ ದಂತಚೋರ ವೀರಪ್ಪನ್ ಕಾಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸ್ಫೋಟವಾಯಿತು. ಕಾಡಂಚಿನ ಹಳ್ಳಿಗಳು ಒಂದು ಕಡೆ ಅವನಿಗೂ ಇನ್ನೊಂದು ಕಡೆ ವಿಶೇಷ ಕಾರ್ಯಪಡೆಗೂ ಹೆದರಿ ಬದುಕಿದವು. 2000ರ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾಗಿ 108 ದಿನ ನಾಡೇ ಉಸಿರು ಹಿಡಿದಿತ್ತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾಗುವವರೆಗೆ ಕಾಡಿಗೆ ಸೌದೆಗೆ ಹೋಗುವುದೂ ದನ ಮೇಯಿಸುವುದೂ ಸುಲಭದ ಕೆಲಸವಾಗಿರಲಿಲ್ಲ.

2020ರಲ್ಲಿ ಕೊರೊನಾ ಬಂದಾಗ ಚಾಮರಾಜನಗರ ಜಿಲ್ಲೆ ಜೂನ್‌ವರೆಗೂ ಸೋಂಕಿಲ್ಲದೆ ಉಳಿದಿತ್ತು. ಮರುವರ್ಷ, 2021ರ ಮೇ 2ರಿಂದ 3ರ ನಡುವೆ, ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ರೋಗಿಗಳು ತೀರಿಕೊಂಡರು. ಶಾಲೆಗಳು ಮುಚ್ಚಿದ್ದ ಆ ತಿಂಗಳುಗಳಲ್ಲಿ ಬಯಲಿಗೂ ಹೋಗಲಾಗದೆ ಮನೆಯೊಳಗೇ ಉಳಿದ ಮಕ್ಕಳು ಈಗ ಹೈಸ್ಕೂಲು, ಕಾಲೇಜಿನಲ್ಲಿದ್ದಾರೆ.

ಬರೆಯಬೇಕಾದವರಿಗೆ

ಕನ್ನಡದ ಮಕ್ಕಳ ಸಾಹಿತ್ಯದ ಪರಂಪರೆ ದೊಡ್ಡದು. ಪಂಜೆ ಮಂಗೇಶರಾಯರು, ಕುವೆಂಪು, ಜಿ.ಪಿ. ರಾಜರತ್ನಂ ಅದಕ್ಕೆ ಪದ್ಯ ಕೊಟ್ಟರು. ಶಿವರಾಮ ಕಾರಂತರು ‘ಬಾಲಪ್ರಪಂಚ’ ಎಂಬ ಮಕ್ಕಳ ವಿಶ್ವಕೋಶವನ್ನೇ ಕೊಟ್ಟರು. ಆ ಪರಂಪರೆಯಲ್ಲಿ ಚಾಮರಾಜನಗರ, ಗುಂಡ್ಲುಪೇಟೆಯ ಮಗುವಿಗೂ ಒಂದು ಕಾದಂಬರಿ ಸಲ್ಲಬೇಕು. ಅದಕ್ಕೆ ನಾರಾಯಣ್ ತೋರಿಸಿದ ದಾರಿ ಇದೆ. ದೊಡ್ಡ ಚರಿತ್ರೆಯನ್ನು ಭಾಷಣದಲ್ಲಿ ಹೇಳಬೇಕಾಗಿಲ್ಲ. ಟೋಪಿ, ಗಾಜು, ಬೆತ್ತ, ತಪ್ಪಿಹೋದ ಒಂದು ಪಂದ್ಯ ಸಾಕು. ತೆಂಗಿನ ಮಟ್ಟೆಯ ಬ್ಯಾಟು ಹಿಡಿದು ಗೋಡೆಯ ಮೇಲೆ ಇದ್ದಿಲಿನಲ್ಲಿ ವಿಕೆಟ್ ಬರೆದ ಹುಡುಗನನ್ನು, ಅಣ್ಣನ ಚೆಂಡು ಹುಡುಕಿಕೊಡುತ್ತಾ ತಾನೂ ಬೌಲ್ ಮಾಡಲು ಕಾದ ಹುಡುಗಿಯನ್ನು ಬರದ ವರ್ಷದಲ್ಲೋ ರೇಷ್ಮೆ ಬೆಲೆ ಬಿದ್ದ ವರ್ಷದಲ್ಲೋ ಕಾರ್ಯಪಡೆಯ ಜೀಪು ಊರಿಗೆ ಬಂದ ಸಂಜೆಯಲ್ಲೋ ನಿಲ್ಲಿಸಿ ನೋಡಬೇಕು.

ಅಂಥ ಕಷ್ಟಕಾಲ ಕಂಡ ಹಿರಿಯರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಈ ಎರಡು ತಾಲ್ಲೂಕುಗಳ ಕನ್ನಡ ಮೇಷ್ಟರುಗಳು ತಮ್ಮ ತರಗತಿಯ ಮಕ್ಕಳನ್ನು ಅಜ್ಜ, ಅಜ್ಜಿಯರ ಬಳಿ ಕಳಿಸಿ, ಅವರು ಚಿಕ್ಕಂದಿನಲ್ಲಿ ಏನು ಆಡಿದರು, ಆಟ ಯಾವ ದಿನ ನಿಂತಿತು, ಯಾಕೆ ನಿಂತಿತು ಎಂದು ಕೇಳಿ ಬರೆದುಕೊಳ್ಳಲು ಹೇಳಲಿ. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.